ಮಗಳಿಗೊಂದು ಪತ್ರ: ಮಾಸ್ಕೋದ ಜೋಡಿ ಬಾಗಿಲು, ಬೀದರಿನ ಏಳು ಬಾಗಿಲು

ಪ್ರೀತಿಯ ಮಗಳೇ,

ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಬಂದೆವು. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಎಲ್ಲ ಆಯಿತು. ಜೋಳ ತೆನೆ ಹಿಡಿದಿದೆ, ಕಡಲೆ ಕಾಯಿ ಕಟ್ಟಿದೆ. ರಾಜ್ಯದಲ್ಲೇ ಕಡಿಮೆ ಉಷ್ಣಾಂಶ ಬೀದರಿನಲ್ಲಿ ಅಂತ ಪೇಪರಿನಲ್ಲಿ ಬರುವ ದಿನಗಳು ಇವು. ಆಯಿ ಎರಡು ಕೌದಿ ಹೊದ್ದು ಮಲಗುತ್ತಾಳೆ. ನಿನ್ನ ಮಾಸ್ಕೋದ ಚಳಿಯ ಮಾತು ತೆಗೆದರೆ ಮೂರನೆಯದು ಕೇಳುತ್ತಾಳೆ.

ನೀನು ಕಳಿಸಿದ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದೆ. ಹಾಸ್ಟೆಲಿನ ಬಾಗಿಲು, ಕಿಟಕಿ, ಹಿಮ, ಕತ್ತಲು ಅಂತ ಎಷ್ಟೋ ಹೊತ್ತು ಮಾತಾಡಿದ್ದೀ. ಕೊನೆಗೆ "ಹೇಳೋಕೆ ಏನೂ ಇಲ್ಲ ಮಮ್ಮಿ, ಸುಮ್ನೆ ಹವಾ, ಬಿಲ್ಡಿಂಗು, ಅಷ್ಟೇ" ಅಂದೆಯಲ್ಲ, ಆ ಮಾತಿಗೇ ಈ ಪತ್ರ. ಅವ್ವಾ, ಅದು ಏನೂ ಇಲ್ಲದ ಮಾತಲ್ಲ. ಅದನ್ನೇ ನೀನು ಬರೆದಿಡಬೇಕು. ಫೋನಿನಲ್ಲಲ್ಲ, ಒಂದು ನೋಟ್‌ಬುಕ್ಕಿನಲ್ಲಿ, ತಾರೀಕು ಹಾಕಿ. ಅದೂ ಈ ಚಳಿಗಾಲದಲ್ಲೇ. ಮುಂದಿನ ವರ್ಷಕ್ಕೆ ಎಲ್ಲ ರೂಢಿಯಾಗಿಬಿಡುತ್ತದೆ. ಆಮೇಲೆ ಬರೆಯೋಣ ಅಂದರೂ ಕಣ್ಣಿಗೆ ಬೀಳುವುದಿಲ್ಲ.

ನೀನು ಹೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಾಗಿಲಿನ ವಿಷಯ. ಹೊರಗಿನ ಬಾಗಿಲು ತೆಗೆದರೆ ಒಂದು ಸಣ್ಣ ಕೋಣೆ, ಅದರಾಚೆ ಇನ್ನೊಂದು ಬಾಗಿಲು. ಮೊದಲನೆಯದು ಮುಚ್ಚಿದ ಮೇಲೇ ಎರಡನೆಯದು ತೆಗೆಯಬೇಕು, ಇಲ್ಲದಿದ್ದರೆ ಕಾವಲಿಗೆ ಕೂತ ಅಜ್ಜಿ ಗದರಿಸುತ್ತಾಳೆ ಅಂದೆ. ಗದರಿಸದೆ ಏನು ಮಾಡಿಯಾಳು? ಮೈನಸ್ 15ರ ಗಾಳಿ ಒಮ್ಮೆ ಒಳಗೆ ನುಗ್ಗಿದರೆ ಇಡೀ ಜಗುಲಿ ತಣ್ಣಗಾಗುತ್ತದೆ. ಆ ನಡುವಿನ ಕೋಣೆ ಬರೀ ಗಾಳಿಯನ್ನು ತಡೆಯುವುದಕ್ಕೇ ಇರುವುದು. ಬೂಟಿನ ಹಿಮವನ್ನು ಅಲ್ಲೇ ಕುಟ್ಟಿ ಉದುರಿಸುತ್ತಾರೆ, ಅದು ಕರಗಿ ಕೆಸರಾಗಿ ನಿಂತಿರುತ್ತದೆ ಅಂತಲೂ ಹೇಳಿದೆ. ನೋಡು, ಆ ಕೆಸರನ್ನು ಯಾವ ಗೈಡೂ ತೋರಿಸುವುದಿಲ್ಲ. ಹೊಸಬಳಾದ ನಿನಗೆ ಮಾತ್ರ ಕಂಡಿತು.

ಕಿಟಕಿಯದೂ ಹಾಗೇ. ಎರಡು ಗಾಜಿನ ಚೌಕಟ್ಟು, ನಡುವೆ ಖಾಲಿ ಜಾಗ. ಮೇಲ್ಮೂಲೆಯಲ್ಲಿ ಅಂಗೈಯಗಲದ ಇನ್ನೊಂದು ಪುಟ್ಟ ಕಿಟಕಿ, ಅದಕ್ಕೆ ಫೋರ್ತೊಚ್ಕಾ ಅಂತಾರೆ ಅಂದೆ. ಅಷ್ಟು ಚಳಿಯಲ್ಲಿ ಅದನ್ನು ಯಾಕೆ ತೆಗೆಯುತ್ತಾರೆ ಅಂತ ಪಪ್ಪ ಕೇಳಿದರು. ನೀನು ಹೇಳಿದ್ದನ್ನೇ ನಾನು ಹೇಳಿದೆ. ಊರಿನ ದೊಡ್ಡ ಸ್ಥಾವರಗಳಿಂದ ಬಿಸಿನೀರು ಪೈಪಿನಲ್ಲಿ ಮನೆಮನೆಗೆ ಬರುತ್ತದೆ. ಕಿಟಕಿಯ ಕೆಳಗೆ ಕಬ್ಬಿಣದ ರೇಡಿಯೇಟರ್ ಇರುತ್ತದೆ. ಗಾಜಿಗೆ ತಾಗಿ ತಣ್ಣಗಾದ ಗಾಳಿ ಕೆಳಗಿಳಿಯುವಾಗ ಅಲ್ಲೇ ಬಿಸಿಯಾಗಲಿ ಅಂತ ಅದನ್ನು ಕಿಟಕಿಯ ಕೆಳಗೇ ಇಡುವುದು. ಹಳೇ ಕಟ್ಟಡಗಳಲ್ಲಿ ಅದರ ಸ್ವಿಚ್ಚು ಮನೆಯವರ ಕೈಯಲ್ಲಿಲ್ಲ. ಸತತ ಐದು ದಿನ ಸರಾಸರಿ 8 ಡಿಗ್ರಿಗಿಂತ ಕೆಳಗಿಳಿದರೆ ಊರಿಗೆ ಊರೇ ಬಿಸಿ ಶುರುವಾಗುತ್ತದೆ. ರೂಮು ಜಾಸ್ತಿ ಕಾದರೆ ಆ ಪುಟ್ಟ ಕಿಟಕಿಯೇ ಗತಿ. ಹೊರಗೆ ಹಿಮ ಬೀಳುವಾಗ ನೀನು ಒಳಗೆ ಹತ್ತಿಯ ಕುರ್ತಾದಲ್ಲಿ ಕೂತು ಓದುತ್ತೀ ಅಂತ ಕೇಳಿ ಆಯಿಗೆ ನಂಬಿಕೆಯೇ ಬರಲಿಲ್ಲ.

ಕತ್ತಲಿನ ಮಾತು ಕೇಳಿ ಮಾತ್ರ ನನಗೆ ಸಂಕಟವಾಯಿತು. ಡಿಸೆಂಬರ್ ಕೊನೆಯಲ್ಲಿ ಮಾಸ್ಕೋದಲ್ಲಿ ಹಗಲು ಬರೀ 7 ಗಂಟೆ. ನಮಗೆ ಅತಿ ಸಣ್ಣ ಹಗಲು ಅಂದರೂ 11 ಗಂಟೆ ಇರುತ್ತದೆ. ಆ 7 ಗಂಟೆಯಲ್ಲೂ ಮೋಡವೇ ಮೋಡ. 2017ರ ಡಿಸೆಂಬರಿನಲ್ಲಿ ಇಡೀ ತಿಂಗಳಿಗೆ ಅಲ್ಲಿ ಸೂರ್ಯ ಕಂಡದ್ದು 6 ನಿಮಿಷವಂತೆ. ತಿಂಗಳಿಗೆ 6 ನಿಮಿಷ! ನಿನಗೆ ಸುಮ್ನೆ ಅಳು ಬಂದ ಹಾಗಾಗುತ್ತದೆ ಅಂದದ್ದು ಓದಿನ ಒತ್ತಡದಿಂದ ಮಾತ್ರ ಅಲ್ಲ. ಬಿಸಿಲಿನ ಊರಲ್ಲಿ ಬೆಳೆದ ಮೈ ನಿನ್ನದು. ಡಾಕ್ಟರನ್ನು ಕೇಳಿ ವಿಟಮಿನ್ ಡಿ ತಗೋ, ಮೋಡವಿದ್ದರೂ ಮಧ್ಯಾಹ್ನ ಒಂದು ಸುತ್ತು ನಡಿ. ಜೂನ್ ಬರಲಿ, ಅಲ್ಲಿನ ಹಗಲು 17 ಗಂಟೆ ದಾಟುತ್ತದೆ. ಆಗ ನಿದ್ದೆ ಬರಲ್ಲ ಅಂತೀ.

ನಿನ್ನ ಸೈಬೀರಿಯಾದ ರೂಮ್‌ಮೇಟ್ "ಇದೂ ಒಂದು ಚಳಿಯಾ" ಅಂದಳಲ್ಲ, ಅದನ್ನು ಕೇಳಿದಾಗ ನನಗೆ ತಟ್ಟನೆ ನೆನಪಾದವನು ಅಫನಾಸಿ ನಿಕಿತಿನ್. ನೀನು ಏಳನೆಯದರಲ್ಲಿದ್ದಾಗ ಅವನ ಕತೆ ಹೇಳಿದ್ದೆ, ಈಗ ಪೂರ್ತಿ ಕೇಳು.

ಅವನು ನಿನ್ನ ಕಡೆಯವನೇ. ಮಾಸ್ಕೋದ ವಾಯವ್ಯಕ್ಕೆ ವೋಲ್ಗಾ ದಂಡೆಯ ಮೇಲಿರುವ ಟ್ವೇರ್ ಊರಿನ ವ್ಯಾಪಾರಿ. 1470ರ ಆಸುಪಾಸಿನಲ್ಲಿ ನಮ್ಮ ಬೀದರಿಗೆ ಬಂದಿದ್ದ. ವೋಲ್ಗಾ ನದಿಯಲ್ಲಿ ಹೊರಟವನನ್ನು ಆಸ್ಟ್ರಖಾನ್ ಹತ್ತಿರ ದರೋಡೆ ಮಾಡಿದರು. ಸರಕು ಹೋಯಿತು, ಜೊತೆಗಿದ್ದ ಧರ್ಮಗ್ರಂಥಗಳೂ ಹೋದವು. ಬರಿಗೈಯಲ್ಲಿ ಊರಿಗೆ ಮರಳುವ ಬದಲು ಮುಂದಕ್ಕೇ ನಡೆದ. ಕ್ಯಾಸ್ಪಿಯನ್ ಸಮುದ್ರ, ಪರ್ಷಿಯಾ, ಹೊರ್ಮುಜ್ ದಾಟಿ, ಒಂದು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಕೊಂಕಣದ ಚೌಲ್ ಬಂದರಿಗೆ ಇಳಿದ. ಅಲ್ಲಿ ಬಿಳಿ ಮನುಷ್ಯನನ್ನು ನೋಡಲು ಜನ ಹಿಂದೆ ಹಿಂದೆ ಬರುತ್ತಿದ್ದರು ಅಂತ ಬರೆದಿದ್ದಾನೆ. ಮೆಟ್ರೋದಲ್ಲಿ ನಿನ್ನನ್ನು ದಿಟ್ಟಿಸಿ ನೋಡುತ್ತಾರೆ ಅಂದೆಯಲ್ಲ, ಹಾಗೆ. ಚೌಲ್‌ನಿಂದ ಜುನ್ನರ್, ಜುನ್ನರ್‌ನಿಂದ ಬೀದರ್. ಕುದುರೆಯನ್ನು ಮಾರಿದ್ದು ಇಲ್ಲೇ.

ಬಹಮನಿಗಳ ರಾಜಧಾನಿ ಆಗ ಬೀದರ್. ಇರಾನಿನ ಗಿಲಾನ್ ಕಡೆಯಿಂದ ಬಂದ ಮಹಮೂದ್ ಗವಾನ್ ಇಲ್ಲಿ ಮಂತ್ರಿ. ಆಸ್ಥಾನದವರು ಬರೆದದ್ದು ರಾಜರ ಹೊಗಳಿಕೆ, ಯುದ್ಧ, ಇನಾಮು. ಟ್ವೇರಿನವನು ಬರೆದದ್ದು ನೀನು ಹೇಳಿದಂಥದ್ದೇ. ಹವಾ, ಬಿಲ್ಡಿಂಗು.

ಜುನ್ನರ್‌ನಲ್ಲಿ ಸಿಕ್ಕಿಕೊಂಡಿದ್ದ ಮಳೆಯ ಬಗ್ಗೆ ಬರೆಯುತ್ತಾನೆ: ನಾಲ್ಕು ತಿಂಗಳು ಹಗಲೂ ರಾತ್ರಿ ಎಲ್ಲೆಲ್ಲೂ ನೀರು, ಕೆಸರು. ಆ ದಿನಗಳಲ್ಲೇ ಇವರು ಉಳುತ್ತಾರೆ, ಗೋಧಿ, ಅಕ್ಕಿ, ಕಡಲೆ ಬಿತ್ತುತ್ತಾರೆ. ಅವನಿಗೆ ಅದು ಚಳಿಗಾಲದ ಲೆಕ್ಕ. ಮಳೆ ನಿಂತು ಹೊಲ ಹಸಿರಾಗುವ ಅಕ್ಟೋಬರ್ ತಿಂಗಳು ಅವನಿಗೆ ವಸಂತ. ದಸರಾ ಹೊತ್ತಿನ ನಮ್ಮ ಹೊಲ ನೆನಪಿಸಿಕೋ. ತೊಗರಿ ಹೂ ಬಿಟ್ಟಿರುತ್ತದೆ, ಆಕಾಶ ತೊಳೆದಂತಿರುತ್ತದೆ. ವಸಂತ ಅಂದದ್ದು ತಪ್ಪೇನಲ್ಲ ಅನ್ನಿಸುತ್ತದೆ.

ಇನ್ನೊಂದು ಮಾತು ಓದಿದರೆ ಬೀದರಿನವರೆಲ್ಲ ಹುಬ್ಬೇರಿಸುತ್ತಾರೆ. ಈ ದೇಶದಲ್ಲಿ ಅಂಥ ಸೆಕೆ ಇಲ್ಲ ಅಂತಾನೆ! ಸೆಕೆ ಅಂದರೆ ಹೊರ್ಮುಜ್‌ನದು ಅಂತಾನೆ. ಸುಡುವ ಕೊಲ್ಲಿಯನ್ನು ದಾಟಿ ಬಂದವನಿಗೆ ನಮ್ಮ ಎತ್ತರದ ಊರಿನ ಗಾಳಿ ತಂಪು ಅನ್ನಿಸಿತು. ನಿನ್ನ ರೂಮ್‌ಮೇಟ್ ಹೇಳಿದ್ದೂ ಇದೇ ಜಾತಿಯ ಮಾತು. ಬೀದರಿನ ಚಂದ್ರ ಮೂರು ದಿನ ಪೂರ್ತಿ ತುಂಬಿಕೊಂಡಿರುತ್ತಾನೆ ಅಂತಲೂ ಬರೆದಿದ್ದಾನೆ. ಮೊನ್ನೆ ಹುಣ್ಣಿಮೆಯ ಹಿಂದಿನ ರಾತ್ರಿ ಮಾಳಿಗೆ ಹತ್ತಿ ನೋಡಿದೆ, ಹುಣ್ಣಿಮೆಯಂದು ನೋಡಿದೆ, ಮರುದಿನವೂ ನೋಡಿದೆ. ಹೌದು, ನಮ್ಮ ಒಣ ಆಕಾಶದಲ್ಲಿ ಮೂರೂ ರಾತ್ರಿ ಒಂದೇ ಥರ ದುಂಡಗೆ ಕಾಣುತ್ತಾನೆ. ಇಷ್ಟು ವರ್ಷ ಈ ಊರಲ್ಲಿದ್ದೇನೆ, ನನಗಿದನ್ನು ತೋರಿಸಿಕೊಟ್ಟವನು ರಷ್ಯಾದವನು.

ಅವನಿಗೆ ಹಬ್ಬಗಳ ಲೆಕ್ಕ ತಪ್ಪಿಹೋಗಿತ್ತು. ಈಸ್ಟರ್ ಯಾವಾಗ ಅಂತ ತಿಳಿಯಲು ಪುಸ್ತಕವೇ ಇರಲಿಲ್ಲ. ಇಲ್ಲಿನ ರಾತ್ರಿಯಲ್ಲಿ ನಕ್ಷತ್ರ ನೋಡಿ, ಕೃತ್ತಿಕೆ ಬೆಳಗಿನೊಳಗೆ ಸೇರಿತು, ಸಪ್ತರ್ಷಿ ಪೂರ್ವಕ್ಕೆ ತಲೆ ಮಾಡಿ ನಿಂತಿದೆ ಅಂತ ಬರೆದುಕೊಂಡ. ಆ ಸಾಲು ಓದುವಾಗಲೆಲ್ಲ ನೀನು ಕಣ್ಣ ಮುಂದೆ ಬರುತ್ತೀ. ಯುಗಾದಿ ಯಾವತ್ತು ಮಮ್ಮಿ ಅಂತ ಅಲ್ಲಿಂದ ಕೇಳಿದವಳು ನೀನು. ನಿನಗೆ ಫೋನಾದರೂ ಇದೆ.

ಹೋದ ತಿಂಗಳು ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋದೆ. ನೋಟ್ಸ್ ಕೊಡಲಿಲ್ಲ. ನಿಕಿತಿನ್ ಬರೆದದ್ದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಸುಲ್ತಾನನ ಅರಮನೆಗೆ ಏಳು ಬಾಗಿಲು. ಒಂದೊಂದು ಬಾಗಿಲಲ್ಲಿ ನೂರು ಜನ ಕಾವಲುಗಾರರು, ನೂರು ಜನ ಬರಹಗಾರರು. ಕೆಲವರು ಒಳಗೆ ಹೋಗುವವರ ಹೆಸರು ಬರೆಯುತ್ತಾರೆ, ಕೆಲವರು ಹೊರಗೆ ಬರುವವರದು. ಪರದೇಶಿಗಳಿಗೆ ಒಳಗೆ ಪ್ರವೇಶವಿಲ್ಲ. ಅರಮನೆಯ ಕಲ್ಲು ಕಲ್ಲೂ ಕೆತ್ತನೆ, ಬಂಗಾರದ ಬಣ್ಣ. ರಾತ್ರಿ ಕೊತ್ವಾಲನ ಸಾವಿರ ಜನ ಕುದುರೆ ಮೇಲೆ ದೀವಟಿಗೆ ಹಿಡಿದು ಊರು ಕಾಯುತ್ತಾರೆ.

ಇದನ್ನು ಶರ್ಜಾ ದರ್ವಾಜದ ಕೆಳಗೆ ನಿಂತು ಓದಿದೆ. ಆ ಬಾಗಿಲು 1503ರದು, ಅವನು ಹೋದ ಮೇಲೆ ಆದದ್ದು. ಅದರಾಚೆಯ ಗುಂಬಜ್ ದರ್ವಾಜ ಹಳೆಯದು. ಮಕ್ಕಳು ಏನು ಮಾಡಿದರು ಗೊತ್ತಾ? ಇಬ್ಬರು ಹುಡುಗಿಯರು ಗುಂಬಜ್ ದರ್ವಾಜದ ಕಟ್ಟೆಯ ಮೇಲೆ ನೋಟ್‌ಬುಕ್ ತೆಗೆದು ಕೂತೇಬಿಟ್ಟರು. ಒಬ್ಬಳು ಒಳಗೆ ಬರುವವರದು, ಇನ್ನೊಬ್ಬಳು ಹೊರಗೆ ಹೋಗುವವರದು. ಸೌದೆ ಹೊತ್ತ ಹೆಂಗಸು, ಹೈದರಾಬಾದಿನಿಂದ ಬಂದ ಒಂದು ಕುಟುಂಬ, ಸೈಕಲ್ ತಳ್ಳಿಕೊಂಡು ಹೋದ ಮುದುಕ, ಎರಡು ಆಡು. ಆಡನ್ನೂ ಬರೆದುಕೊಂಡರು. ಇತಿಹಾಸದ ಪಾಠವನ್ನು ಅಷ್ಟು ಖುಷಿಯಿಂದ ಮಾಡಿದ ದಿನ ನನಗೆ ಇನ್ನೊಂದಿಲ್ಲ. ಬೀದರಿನ ಬೀದಿಯಲ್ಲಿ ಎರಡು ಸಾಜೆನ್ ಉದ್ದದ, ಅಂದರೆ ಸುಮಾರು 4 ಮೀಟರ್ ಉದ್ದದ ಹಾವು ಓಡಾಡುತ್ತವೆ ಅಂತ ಅವನು ಬರೆದದ್ದನ್ನು ಓದಿದಾಗ ಎಲ್ಲರೂ ಕಾಲು ಮೇಲೆತ್ತಿದರು.

ಒಳಗೆ ತಖ್ತ್ ಮಹಲಿನಲ್ಲಿ ಈಗ ಬಂಗಾರವಿಲ್ಲ. ಕಮಾನಿನ ಮೂಲೆಯಲ್ಲಿ ಹುಲಿ, ಅದರ ಬೆನ್ನ ಹಿಂದೆ ಸೂರ್ಯ, ಅಷ್ಟು ಉಳಿದಿದೆ. ಆದರೆ ಅವನ ಆ ಸಾಲುಗಳನ್ನು ಓದಿ ನಿಂತರೆ ಬೋಳು ಗೋಡೆಯ ಮೇಲೆ ಎಲ್ಲಿ ಏನಿತ್ತು ಅಂತ ಮಕ್ಕಳು ಬೆರಳಿಟ್ಟು ಹುಡುಕುತ್ತಾರೆ. ಅವನು ಬರೆಯದೆ ಹೋಗಿದ್ದರೆ ಸುಮ್ನೆ ಒಂದು ಸುತ್ತು ಹಾಕಿ ಬಸ್ ಹತ್ತುತ್ತಿದ್ದರು.

ಅವನು ಬರೆದದ್ದರಲ್ಲಿ ಎಲ್ಲವೂ ಅರಮನೆಯಲ್ಲ. ಹಳ್ಳಿಯ ಜನ ಬಡವರು, ದೊಡ್ಡವರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಹೋಗುತ್ತಾರೆ ಅಂತ ನೇರ ಬರೆದಿದ್ದಾನೆ. ಆಳಂದದ ಉರುಸಿನ ಸಂತೆಗೆ ಕುದುರೆಗಳು ಬರುತ್ತವೆ ಅಂತ ಬರೆದಿದ್ದಾನೆ. ಇಲ್ಲಿ ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ತುಪ್ಪ ಹಾಕಿ ಕಿಚಡಿ ಬೇಯಿಸಿ ಕೊಡುತ್ತಾರೆ ಅಂತ ಬರೆದಿದ್ದಾನೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಹಸಿ ಕಡಲೆ ಬಿಡಿಸಿ ತಿನ್ನುತ್ತಾ ಇದನ್ನು ಕಾಕಾಗೆ ಹೇಳಿದೆ. ಕುದುರೆಗೆ ಕಿಚಡಿಯಾ ಅಂತ ಅವರು ಊಟ ಮುಗಿಯುವವರೆಗೂ ಅದೇ ಮಾತಾಡಿದರು.

ಈಗ ನಮ್ಮ ಮನೆಯ ವಿಷಯ. ಮಾಸ್ಕೋದ ಕಟ್ಟಡದ ಮುಂದೆ ನಮ್ಮದು ಏನು ಮಹಾ ಅಂದೆ. ಅದು ಹಾಗಲ್ಲ. ಪಡಸಾಲೆಯ ಗೋಡೆ ನೋಡು, ಕೆಂಪು ಜಂಬಿಟ್ಟಿಗೆ ಕಲ್ಲು, ಎರಡು ಮೊಳ ದಪ್ಪ. ಆ ಕಲ್ಲು ನೆಲದಿಂದ ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಕೋಟೆಯ ಮೂರು ಸಾಲಿನ ಕಂದಕವನ್ನು ಕಡಿದದ್ದೂ ಇದೇ ಬಂಡೆಯಲ್ಲಿ. ಮೇ ತಿಂಗಳಿನಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಗೋಡೆ ನಿಧಾನಕ್ಕೆ ಕಾಯುತ್ತದೆ. ಬಿಸಿ ಒಳಮುಖಕ್ಕೆ ಬರುವ ಹೊತ್ತಿಗೆ ಸಂಜೆ ಆಗಿರುತ್ತದೆ, ಆಗ ನಾವು ಚಾಪೆ ಹಿಡಿದು ಮಾಳಿಗೆ ಮೇಲೆ ಹೋಗುತ್ತೇವೆ. ಬೆಳಗ್ಗೆ ಬಿಸಿಲೇರುವ ಮೊದಲು ಆಯಿ ಕಿಟಕಿ ಬಾಗಿಲನ್ನೆಲ್ಲ ಮುಚ್ಚಿ, ರಾತ್ರಿ ತೆರೆಯುತ್ತಾಳೆ. ಹೊರಗಿನ ಗಾಳಿ ಒಳಗೆ ಬರದಂತೆ ನಿನ್ನ ಹಾಸ್ಟೆಲಿನ ಅಜ್ಜಿ ಕಾಯುತ್ತಾಳೆ, ನಮ್ಮ ಆಯಿಯೂ ಕಾಯುತ್ತಾಳೆ. ಒಬ್ಬಳಿಗೆ ಚಳಿಯ ಭಯ, ಇನ್ನೊಬ್ಬಳಿಗೆ ಬಿಸಿಲಿನದು. ಈಗ ಮೈಲೂರ್ ಕಡೆಗೆ, ಗುಂಪಾ ಕಡೆಗೆ ಏಳುತ್ತಿರುವ ಮನೆಗಳಲ್ಲಿ ಪಶ್ಚಿಮಕ್ಕೆ ದೊಡ್ಡ ದೊಡ್ಡ ಗಾಜು ಹಾಕಿ, ಒಳಗೆ ಎರಡೆರಡು ಎಸಿ ಓಡಿಸುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ ನಿನಗೆ ಖಂಡಿತ ಇಷ್ಟವಾಗುತ್ತದೆ. ಗವಾನ್ ಮದರಸಾ ಮುಗಿದದ್ದು 1472ರಲ್ಲಿ. ಮೂರು ಅಂತಸ್ತು, ಮುಂಭಾಗಕ್ಕೆ ನೀಲಿ, ಹಸಿರು, ಬಿಳಿ ಹೆಂಚಿನ ಕೆಲಸ. ಕಟ್ಟಿಸಿದವನು ಕ್ಯಾಸ್ಪಿಯನ್ ದಂಡೆಯವನು. ನಿಕಿತಿನ್ ತಿರುಗಿ ಹೋಗುವಾಗ ಸ್ಮೋಲೆನ್ಸ್ಕ್ ಹತ್ತಿರ ತೀರಿಕೊಂಡ, ಟ್ವೇರ್ ಮುಟ್ಟಲೇ ಇಲ್ಲ. ಅವನ ಕೈಬರಹ ಮಾತ್ರ ವ್ಯಾಪಾರಿಗಳ ಕೈಯಿಂದ 1475ರಲ್ಲಿ ಮಾಸ್ಕೋ ಸೇರಿತು. ಅದೇ ವರ್ಷ ಇಟಲಿಯ ಬೊಲೊನ್ಯಾದಿಂದ ಫಿಯೊರವಾಂತಿ ಅನ್ನುವ ವಾಸ್ತುಶಿಲ್ಪಿ ಮಾಸ್ಕೋಗೆ ಬಂದು ಕ್ರೆಮ್ಲಿನ್ ಒಳಗೆ ದೊಡ್ಡ ಚರ್ಚು ಶುರುಮಾಡಿದ. ಅದು 1479ರಲ್ಲಿ ಮುಗಿಯಿತು. ಆಮೇಲೆ 1485ರಿಂದ 1495ರವರೆಗೆ ಕ್ರೆಮ್ಲಿನ್‌ನ ಕೆಂಪು ಇಟ್ಟಿಗೆ ಗೋಡೆ ಕಟ್ಟಿದವರೂ ಇಟಲಿಯವರೇ. ನಿನ್ನ ಊರಿನ ಹೆಮ್ಮೆಯ ಗೋಡೆಯನ್ನು ಕಟ್ಟಿದವರು ಪರದೇಶದವರು, ನನ್ನ ಊರಿನ ಹೆಮ್ಮೆಯ ಮದರಸಾ ಕಟ್ಟಿಸಿದವನೂ ಪರದೇಶದವನು. ಇಬ್ಬರ ಕೆಲಸವೂ ನಡೆದದ್ದು ಒಂದೇ ಕಾಲದಲ್ಲಿ. ಇದನ್ನು ಯೋಚಿಸಿದಾಗ ನೀನು ಅಷ್ಟೇನೂ ದೂರ ಇಲ್ಲ ಅನ್ನಿಸುತ್ತದೆ. ತಾಯಿಯ ಸಮಾಧಾನ ಅಂದುಕೋ.

ನೋಟ್‌ಬುಕ್ಕಿನಲ್ಲಿ ಏನು ಬರೆಯಲಿ ಅಂತ ಕೇಳಬೇಡ. ಬೆಳಗ್ಗೆ ಹಿಮ ಬಳಿಯಲು ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ, ಎಂಥ ಸಲಿಕೆ ಹಿಡಿದು? ಛಾವಣಿಯ ಅಂಚಿನಿಂದ ಮಂಜುಗಡ್ಡೆ ಬೀಳಿಸುವಾಗ ಫುಟ್‌ಪಾತಿಗೆ ಹಗ್ಗ ಕಟ್ಟುತ್ತಾರೆ ಅಂದೆ, ಮೇಲೆ ನಿಂತವನು ಕೆಳಗಿನವರಿಗೆ ಹೇಗೆ ಕೂಗುತ್ತಾನೆ? ಬಟ್ಟೆ ಎಲ್ಲಿ ಒಣಗುತ್ತದೆ? ವಯಸ್ಸಾದವರು ಜಾರುವ ರಸ್ತೆಯಲ್ಲಿ ಏನು ಹಿಡಿದು ನಡೆಯುತ್ತಾರೆ? ಐದು ಅಂತಸ್ತಿನ ಹಳೇ ಪ್ಯಾನೆಲ್ ಮನೆಗಳಿಗೆ ಲಿಫ್ಟ್ ಇಲ್ಲ ಅಂದೆ, ಅಲ್ಲಿನ ಅಜ್ಜಿಯರು ತರಕಾರಿ ಹೊತ್ತು ಹೇಗೆ ಹತ್ತುತ್ತಾರೆ? 240 ಮೀಟರ್ ಎತ್ತರದ ಯೂನಿವರ್ಸಿಟಿ ಕಟ್ಟಡದ ಫೋಟೋ ಎಲ್ಲ ಕಡೆ ಸಿಗುತ್ತದೆ, ಅದನ್ನು ಕಳಿಸುವುದು ಬೇಡ. ಮಾರ್ಚಿನಲ್ಲಿ ಹಿಮ ಕರಗುವಾಗ ರಸ್ತೆ ಯಾವ ಬಣ್ಣಕ್ಕೆ ತಿರುಗುತ್ತದೆ, ಯಾವ ದಿನ ಜನ ಟೋಪಿ ತೆಗೆದರು, ಅದು ಬೇಕು ನನಗೆ.

ಫೆಬ್ರವರಿಯಲ್ಲಿ ರಜೆ ಸಿಕ್ಕರೆ ಫ್ರೆಂಡ್ಸ್ ಜೊತೆ ಟ್ವೇರ್‌ಗೆ ಹೋಗಿ ಬಾ. ಒಬ್ಬಳೇ ಬೇಡ. ಫಾಸ್ಟ್ ರೈಲಿಗೆ ಎರಡು ಗಂಟೆಯೊಳಗಿನ ದಾರಿ. ವೋಲ್ಗಾ ದಂಡೆಯ ಮೇಲೆ 1955ರಲ್ಲಿ ನಿಲ್ಲಿಸಿದ ನಿಕಿತಿನ್ ಪ್ರತಿಮೆ ಇದೆ. ಅದರ ಮುಂದೆ ನಿಂತು ಒಂದು ಫೋಟೋ ತೆಗೆಸಿಕೋ, ನಮ್ಮ ಕ್ಲಾಸಿನ ಗೋಡೆಗೆ ಹಾಕುತ್ತೇನೆ. ಬಾಗಿಲಲ್ಲಿ ಹೆಸರು ಬರೆದ ಆ ಇಬ್ಬರು ಹುಡುಗಿಯರು ಈಗಾಗಲೇ ಕೇಳುತ್ತಿದ್ದಾರೆ.

ನಿನ್ನ ಸೀನಿಯರ್ ಮುಂದಿನ ವಾರ ಇಲ್ಲಿಂದ ಹೊರಡುತ್ತಾಳಂತೆ. ಅವಳ ಕೈಯಲ್ಲಿ ಶೇಂಗಾ ಹಿಂಡಿ, ಖಡಕ್ ರೊಟ್ಟಿ, ಆಯಿ ಹೆಣೆದ ಕಾಲುಚೀಲ ಕಳಿಸುತ್ತಿದ್ದೇನೆ. ಒಂದು ದಪ್ಪ ರಟ್ಟಿನ ನೋಟ್‌ಬುಕ್ಕೂ ಇದೆ, ಇನ್ನೂರು ಪುಟದ್ದು. ಪಪ್ಪ ಚೌಬಾರದ ಹತ್ತಿರದ ಅಂಗಡಿಯಲ್ಲಿ ಆರಿಸಿ ತಂದರು.

ನಿನ್ನ,
ಮಮ್ಮಿ
ಬೀದರ್